ಬಕೆಟ್ಟಿಗಿಳಿದ ಶಾಂಪೇನ್

ಶನಿವಾರ ಬೆಳಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ನಮ್ಮ ಬಚ್ಚಲುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂವತ್ತೊಂದು ವರ್ಷ ಹಳೆಯ ಶಾಂಪೇನ್ ಬಾಟಲಿಯೊಂದರ ಕುತ್ತಿಗೆಗೆ ದಾರ ಬಿಗಿಯುತ್ತಿದ್ದೆ. ಓದುಗರು ಅಪಾರ್ಥ ಮಾಡಿಕೊಳ್ಳಬಾರದು. ಕೊಲೆಯ ಉದ್ದೇಶವಿರಲಿಲ್ಲ. ಉದ್ದೇಶ ಶುದ್ಧ ವಿಜ್ಞಾನದ್ದು. ಕೊಲೆಯೇ ಆಗಿದ್ದರೆ ಅಷ್ಟು ಸಿದ್ಧತೆ ಬೇಕಾಗುತ್ತಿರಲಿಲ್ಲ.

ಮೊದಲು ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು. ಮನೆಮನೆಯ ನೀರಿನ ಮೀಟರುಗಳು ಸತ್ಯ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಹಿರಿಯ ಪರೀಕ್ಷಕ. ವಿಜ್ಞಾನದ ಪದವೀಧರ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ದ್ರವಪದಾರ್ಥವೂ ನನ್ನ ಕಣ್ಣಿಗೆ ಮಣ್ಣೆರಚಿ ಹೋದದ್ದಿಲ್ಲ. ಹಾಲಿನ ಪಾತ್ರೆಯನ್ನು ಕೈಯಲ್ಲಿ ಹಿಡಿದರೆ ಸಾಕು, ಎಷ್ಟು ಹಾಲಿದೆ ಎಂದು ಹೇಳಬಲ್ಲೆ. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಅವಳು ಈ ವಿದ್ಯೆಯನ್ನು ಒಪ್ಪುತ್ತಾಳೆ. "ಎಷ್ಟಿದೆ ಅಂತ ಕರೆಕ್ಟಾಗಿ ಹೇಳ್ತೀರಿ. ಒಲೆ ಮೇಲಿಟ್ಟು ಉಕ್ಕಿಸೋದನ್ನೂ ಅಷ್ಟೇ ಕರೆಕ್ಟಾಗಿ ಮಾಡ್ತೀರಿ" ಎನ್ನುತ್ತಾಳೆ.

ಇನ್ನು ಬಾಟಲಿಯ ವಿಚಾರ. ಅದು ನನ್ನ ಮಾವನವರದು. ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಮೂವತ್ತೊಂದು ವರ್ಷದ ಹಿಂದೆ ದೊಡ್ಡ ಹೋಟೆಲೊಂದರ ಲಿಫ್ಟಿನಲ್ಲಿ ಒಂದು ಮದುವೆಯ ಗುಂಪು, ಮದುಮಗನ ಸಮೇತ, ಆರನೆಯ ಮತ್ತು ಏಳನೆಯ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಮಾವ ಕಗ್ಗತ್ತಲ ಬಾವಿಯಂಥ ಆ ಲಿಫ್ಟಿನ ಗುಂಡಿಗೆ ಇಳಿದು, ಸರಪಳಿ ಬಿಡಿಸಿ, ಎಲ್ಲರನ್ನೂ ಈಚೆ ತಂದರು. ಮದುಮಗನ ತಂದೆ ಮಾವನವರ ಗ್ರೀಸು ಮೆತ್ತಿದ ಕೈ ಹಿಡಿದು ಕಣ್ಣೀರು ಹಾಕಿ, ಆ ವರ್ಷವಷ್ಟೇ ಅಂಗಡಿಗೆ ಬಂದಿದ್ದ ಒಂದು ಶಾಂಪೇನ್ ಬಾಟಲಿಯನ್ನು ಕೊಟ್ಟರಂತೆ.

"ಒಳ್ಳೇ ದಿನ ನೋಡಿ ತೆಗೆಯೋಣ" ಎಂದು ಮಾವ ಅಂದು ಅತ್ತೆಗೆ ಹೇಳಿದರು. ಒಳ್ಳೆಯ ದಿನಗಳೇನೋ ಬಂದವು. ಮಗಳು ಡಾಕ್ಟರಾದಳು, ಅವಳ ಮದುವೆಯಾಯಿತು, ಮಾವ ನಿವೃತ್ತರಾದರು. ಪ್ರತಿ ಸಲವೂ ಅತ್ತೆ ಗ್ಲಾಸು ತೊಳೆದಿಟ್ಟರು. ಪ್ರತಿ ಸಲವೂ ಮಾವ ಬಾಟಲಿಯನ್ನು ಒಮ್ಮೆ ಹೊರತೆಗೆದು, ನೋಡಿ, "ಇನ್ನೊಂದಿಷ್ಟು ದಿನ ಇರಲಿ, ಹಣ್ಣಾಗ್ತಿದೆ" ಎಂದು ಕಪಾಟಿಗೇ ಹಿಂತಿರುಗಿಸಿದರು.

"ಅದು ಹಣ್ಣಾಗೋದ್ರೊಳಗೆ ನಾನೇ ಹಣ್ಣಾದೆ" ಎನ್ನುತ್ತಾರೆ ಅತ್ತೆ. ಅವರು ಪರದೆ ಹೊಲಿಯುವ ಅಂಗಡಿ ನಡೆಸಿದವರು. ಆ ಬಾಟಲಿಗೂ ದಪ್ಪ ಉಣ್ಣೆಬಟ್ಟೆಯ ಒಂದು ಚೀಲ ಹೊಲಿದು, ಅದಕ್ಕೆ ಗುಂಡಿಯನ್ನೂ ಹಾಕಿದ್ದರು.

ಶುಕ್ರವಾರ ಸಂಜೆ ಇಬ್ಬರೂ ಆ ಚೀಲದ ಸಮೇತ ನಮ್ಮ ಮನೆಗೆ ಬಂದರು. ಮಾವ ಕಡೆಗೂ ಒಂದು ತೀರ್ಮಾನಕ್ಕೆ ಬಂದಿದ್ದರು. ಹರಾಜು ಹಾಕುವ ಸಂಸ್ಥೆಯಿಂದ ಹಳೆಯ ಬಾಟಲಿಗಳಿಗೆ ಬೆಲೆ ಕಟ್ಟುವ ಒಬ್ಬ ತಜ್ಞೆ ಶನಿವಾರ ಹನ್ನೊಂದಕ್ಕೆ ನಮ್ಮ ಮನೆಗೇ ಬಂದು ನೋಡುವುದೆಂದು ನಿಗದಿಯಾಗಿತ್ತು. "ಒಳ್ಳೇ ಬೆಲೆ ಇದೆ ಅಂದ್ರೆ ಹರಾಜಿಗೆ ಕೊಡೋದು. ಇಲ್ಲ ಅಂದ್ರೆ ಕುಡಿಯೋದು. ಮುಗೀತು" ಎಂದರು ಮಾವ.

ರಾತ್ರಿಯ ಊಟದ ತಟ್ಟೆಗಳನ್ನು ಒರೆಸುತ್ತ ಅತ್ತೆ ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಅದಕ್ಕೆ ಬೆಲೆ ಬರದೇ ಇರ್ಲಿ ಅಂತ ಬೇಡ್ಕೊಳ್ಳೋದು ತಪ್ಪಾ? ಇವರ ಜೊತೆ ಕೂತು ಒಂದು ಸಲ ಒಂದೇ ಒಂದು ಗ್ಲಾಸು ಕುಡೀಬೇಕು ಅಂತ ಆಸೆ. ಇನ್ಯಾವಾಗ?"

ಸ್ವಲ್ಪ ಹೊತ್ತಿಗೆ ಬಾಲ್ಕನಿಯಲ್ಲಿ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ನನಗೆ ದುಡ್ಡಿನ ಆಸೆ ಇಲ್ಲ ಅಳಿಯಂದ್ರೇ. ಆದ್ರೆ ಇವಳು ಇಷ್ಟು ವರ್ಷದಿಂದ ನನ್ನನ್ನ ನೋಡಿ ನಗ್ತಾ ಇದ್ದಾಳೆ. ಕಾದಿದ್ದು ದಂಡ ಅಲ್ಲ ಅಂತ ತಿಳಿದೋರು ಒಬ್ಬರು ಹೇಳ್ಬೇಕು. ಅಷ್ಟೇ."

ಇಬ್ಬರಿಗೂ ನಾನು ಒಂದೇ ಉತ್ತರ ಕೊಟ್ಟೆ: "ನಾನಿದ್ದೀನಲ್ಲ." ಮನುಷ್ಯ ಹಾಳಾಗುವುದಕ್ಕೆ ಸ್ವಲ್ಪ ಮುಂಚೆ ಆಡುವ ಮಾತುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಹಾಗೆ ಹೇಳಿದ ಮೇಲೆ ಸುಮ್ಮನಿರುವುದು ಹೇಗೆ? ಹಳೆಯ ಶಾಂಪೇನಿಗೆ ಹೇಗೆ ಬೆಲೆ ಕಟ್ಟುತ್ತಾರೆ ಎಂದು ಕೂತು ಓದಿದೆ. ಲೇಬಲ್ಲಿನ ಮೇಲೆ ಅಚ್ಚಾದ ದ್ರಾಕ್ಷಿ ಕೊಯ್ಲಿನ ವರ್ಷ, ಲೇಬಲ್ಲಿನ ಸ್ಥಿತಿ, ಬಾಟಲಿಯನ್ನು ಇಟ್ಟಿದ್ದ ಜಾಗ, ಬಣ್ಣ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಒಳಗಿನ ದ್ರವದ ಮಟ್ಟ. ಕಾರ್ಕು ಎಷ್ಟೇ ಬಿಗಿಯಾಗಿದ್ದರೂ ದಶಕಗಳಲ್ಲಿ ಹನಿಹನಿಯಾಗಿ ದ್ರವ ಕಡಿಮೆಯಾಗುತ್ತದಂತೆ. ಹೆಚ್ಚು ಇಳಿದಿದ್ದರೆ ಒಳಗೆ ಗಾಳಿ ಸೇರಿದೆ, ಶಾಂಪೇನು ಸತ್ತಿದೆ ಎಂದರ್ಥ. ನಮ್ಮ ಬಾಟಲಿಯಲ್ಲಿ ಆ ಮಟ್ಟ ಕಾಣುತ್ತಿರಲಿಲ್ಲ. ಕುತ್ತಿಗೆಯ ತುಂಬ ಚಿನ್ನದ ಬಣ್ಣದ ತಗಡು ಸುತ್ತಿದ್ದರು.

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ನಾನು ಬಿಡಲಿಲ್ಲ. ಕಣ್ಣಿಗೆ ಕಾಣದ ದ್ರವವನ್ನು ಅಳೆಯುವುದು ನನ್ನ ವೃತ್ತಿ. ತಜ್ಞೆ ಬಂದು ಮಟ್ಟದ ಬಗ್ಗೆ ತಲೆ ಕೆರೆದುಕೊಳ್ಳುವಾಗ ನಾನು ಮಿಲಿಲೀಟರಿನಷ್ಟು ನಿಖರವಾದ ಅಂಕಿಯನ್ನು ಮೆಲ್ಲನೆ ಮುಂದಿಡುವುದು, ಆಕೆ ಬೆರಗಾಗುವುದು, ಮಾವ ನನ್ನ ಬೆನ್ನು ತಟ್ಟುವುದು. ಈ ದೃಶ್ಯವನ್ನು ನಾನು ಹಾಸಿಗೆಯಲ್ಲಿ ಮಲಗಿ ಮೂರು ಕೋನಗಳಿಂದ ನೋಡಿದ್ದೆ.

ಶನಿವಾರ ಬೆಳಗ್ಗೆ ಎಲ್ಲ ಅನುಕೂಲವಾಯಿತು. ಮಾವನಿಗೆ ಹೊಸ ಕನ್ನಡಕ ತರಬೇಕಿತ್ತು. ಅತ್ತೆಯೂ ಜೊತೆಗೆ ಹೋದರು. ಹೆಂಡತಿ ತುರ್ತಾಗಿ ಬಂದ ರೋಗಿಯೊಬ್ಬರ ಮುರಿದ ಹಲ್ಲು ನೋಡಲು ಕ್ಲಿನಿಕ್ಕಿಗೆ ಹೋದಳು. ಮನೆಯಲ್ಲಿ ನಾನು, ಬಾಟಲಿ, ಮತ್ತು ಪ್ರಯೋಗಾಲಯದಿಂದ ತಂದಿಟ್ಟುಕೊಂಡಿದ್ದ ತೂಗುತಕ್ಕಡಿ. ಅದರ ಕೊಕ್ಕೆಗೆ ಏನನ್ನು ನೇತುಹಾಕಿದರೂ ಒಂದು ಗ್ರಾಮಿನವರೆಗೆ ತೂಕ ತೋರಿಸುತ್ತದೆ.

ವಿಧಾನ ಸರಳ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಲ್ಲಿ ಕಂಡುಕೊಂಡದ್ದೇ. ಬಾಟಲಿಯನ್ನು ಗಾಳಿಯಲ್ಲಿ ತೂಗುವುದು, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗುವುದು. ಎರಡರ ವ್ಯತ್ಯಾಸದಿಂದ ಬಾಟಲಿ ಎಷ್ಟು ಜಾಗ ಹಿಡಿದಿದೆ ಎಂದು ಗೊತ್ತಾಗುತ್ತದೆ. ಅದರಲ್ಲಿ ಗಾಜಿನ ಪಾಲು, ಕಾರ್ಕಿನ ಪಾಲು, ತಂತಿಯ ಪಾಲು ಕಳೆದರೆ ಉಳಿದದ್ದು ಒಳಗಿನ ಶಾಂಪೇನು. ತಕ್ಕಡಿಯನ್ನು ಷವರಿನ ಕೊಳಾಯಿಗೆ ಕಟ್ಟಿದೆ. ಕೆಳಗೆ ದೊಡ್ಡ ನೀಲಿ ಬಕೆಟ್ಟನ್ನು ಇಟ್ಟೆ. ಬಾಟಲಿಯನ್ನು ಲಂಬರೇಖೆಯಲ್ಲಿ, ಒಂಚೂರೂ ಓರೆಯಾಗದಂತೆ, ರಾಜಮರ್ಯಾದೆಯಿಂದ ಇಳಿಸಿದೆ. ಲೆಕ್ಕ ಹಾಕಿದೆ.

ಎಂಟುನೂರ ಅರವತ್ತೊಂದು ಮಿಲಿಲೀಟರು.

ಲೇಬಲ್ಲಿನ ಮೇಲೆ ಏಳುನೂರ ಐವತ್ತು ಎಂದು ಅಚ್ಚಾಗಿತ್ತು. ಕಡಿಮೆಯಾಗಿರಬೇಕಾದದ್ದು ಹೆಚ್ಚಾಗಿತ್ತು.

ಮತ್ತೆ ಇಳಿಸಿದೆ. ಅಷ್ಟೇ ಬಂತು. ನೀರಿನ ಉಷ್ಣಾಂಶ ಸರಿಯಿಲ್ಲವೇನೋ ಎಂದು ಥರ್ಮಾಮೀಟರು ತಂದೆ. ಹೌದು, ನೀರು ತೀರಾ ತಣ್ಣಗಿತ್ತು. ಗೀಸರಿನಿಂದ ಬಿಸಿನೀರು ಬೆರೆಸಿ ಶಾಸ್ತ್ರೋಕ್ತವಾದ ಉಷ್ಣಾಂಶಕ್ಕೆ ತಂದೆ. ಕೈ ತಪ್ಪಿ ಎರಡು ಚೊಂಬು ಜಾಸ್ತಿಯೇ ಬಿತ್ತು. ಒಳ್ಳೆಯ ಪ್ರಯೋಗದಲ್ಲಿ ಬಾಟಲಿಯೂ ನೀರೂ ಒಂದೇ ಉಷ್ಣಾಂಶಕ್ಕೆ ಬರಬೇಕು. ಆದ್ದರಿಂದ ಬಾಟಲಿಯನ್ನು ನೀರಿನಲ್ಲೇ ಬಿಟ್ಟು, ಬಕೆಟ್ಟಿನ ಪಕ್ಕ ಕೂತು, ಗಾಜಿನ ಸಾಂದ್ರತೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ತಾಳೆ ನೋಡಿದೆ. ನಾಲ್ಕನೆಯ ಸಲವೂ ಅದೇ ಅಂಕಿ ಬಂದಾಗ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ.

"ರೀ, ಬಚ್ಚಲಲ್ಲಿ ಯಾರ ಜೊತೆ ಮಾತಾಡ್ತಿದ್ದೀರಿ?"

ಹೆಂಡತಿ. ರೋಗಿಯ ಹಲ್ಲು ಅಂದುಕೊಂಡದ್ದಕ್ಕಿಂತ ಬೇಗ ಬಂದಿತ್ತು.

"ಯಾರೂ ಇಲ್ಲ. ಎಂಟುನೂರ ಅರವತ್ತೊಂದು ಅಂತ ಹೇಳ್ಕೊಂಡೆ."

"ಏನು ಅಷ್ಟು?"

"ಮಾವನ ಬಾಟಲಿಯಲ್ಲಿರೋ ಶಾಂಪೇನು. ಎಂ.ಎಲ್. ಲೆಕ್ಕದಲ್ಲಿ."

ಅವಳು ಬಾಗಿಲಲ್ಲಿ ನಿಂತು ಷವರನ್ನೂ, ತಕ್ಕಡಿಯನ್ನೂ, ದಾರವನ್ನೂ, ಕೊನೆಗೆ ಬಕೆಟ್ಟನ್ನೂ ನೋಡಿದಳು. ಬಾಯಿ ತೆರೆದ ರೋಗಿಯನ್ನು ನೋಡುವಾಗ ಇರುವ ಶಾಂತ ಮುಖ. ಆ ಮುಖ ಕಂಡರೆ ನನಗೆ ಭಯ.

"ತುಂಬಿಸಿದ್ದು ಏಳುನೂರ ಐವತ್ತಲ್ವಾ? ಒಳಗೆ ಮರಿ ಹಾಕಿದೆಯಾ?"

"ನಾಲ್ಕು ಸಲ ಅಳೆದಿದ್ದೀನಿ. ನಾಲ್ಕು ಸಲನೂ ಅಷ್ಟೇ. ಅಳತೆ ಸುಳ್ಳು ಹೇಳಲ್ಲ."

"ಅಳೆಯೋರು?"

ಅವಳು ಬಾಟಲಿಯನ್ನು ನೀರಿನಿಂದ ಎತ್ತಿ, ಓರೆಮಾಡಿ, ಬುಡವನ್ನು ಬೆಳಕಿಗೆ ಹಿಡಿದಳು. ಶಾಂಪೇನ್ ಬಾಟಲಿಯ ಬುಡ ನಿಮಗೆ ಗೊತ್ತಿರಬಹುದು. ಚಪ್ಪಟೆಯಾಗಿರುವುದಿಲ್ಲ, ಒಳಕ್ಕೆ ಆಳವಾಗಿ ಕುಳಿ ಬಿದ್ದಿರುತ್ತದೆ. ಕುಳಿ ಎಲ್ಲಿದ್ದರೂ ಹಲ್ಲಿನ ಡಾಕ್ಟರಿಗೆ ಮೊದಲು ಕಾಣುವುದು ಅದೇ.

"ಇದನ್ನ ನೇರವಾಗಿ ಇಳಿಸಿದ್ರಾ, ಓರೆಯಾಗಾ?"

"ನೇರವಾಗಿ. ಒಂಚೂರೂ ಓರೆಯಾಗದ ಹಾಗೆ."

"ಹಾಗಾದ್ರೆ ಈ ಕುಳಿಯೊಳಗೆ ಗಾಳಿ ಸಿಕ್ಕೊಂಡು ಕೂತಿರುತ್ತೆ. ನೀವು ಅಳೆದಿದ್ದು ಅಪ್ಪನ ಶಾಂಪೇನೂ ನಮ್ಮ ಬಚ್ಚಲಿನ ಗಾಳಿಯೂ ಸೇರಿಸಿ."

ಇಡೀ ವೃತ್ತಿಜೀವನ ನನ್ನ ಕಣ್ಣ ಮುಂದೆ ಹಾದುಹೋಯಿತು. ಮೀಟರಿನಲ್ಲಿ ಗಾಳಿ ಸೇರಿದರೆ ಅಳತೆ ತಪ್ಪುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಆದರೆ ಪಶ್ಚಾತ್ತಾಪಕ್ಕೆ ಸಮಯವಿರಲಿಲ್ಲ. ಹೆಂಡತಿ ಬಾಟಲಿಯನ್ನು ಒಂದು ಸುತ್ತು ತಿರುಗಿಸಿದ್ದಳು.

"ಅದಿರ್ಲಿ. ಲೇಬಲ್ ಎಲ್ಲಿ?"

ನಾನು ಬಕೆಟ್ಟಿನೊಳಗೆ ನೋಡಿದೆ. ನೀರಿನ ಮೇಲೆ ಏನೋ ತೇಲುತ್ತಿತ್ತು. ಕೆನೆಬಣ್ಣದ್ದು. ಚಿನ್ನದ ಅಂಚು, ಅಡಿಯಲ್ಲಿ ದ್ರಾಕ್ಷಿಯ ವರ್ಷ. ಮೂವತ್ತೊಂದು ವರ್ಷ ಗಾಜನ್ನು ಅಪ್ಪಿಕೊಂಡಿದ್ದು, ನನ್ನ ಶಾಸ್ತ್ರೋಕ್ತ ಉಷ್ಣಾಂಶಕ್ಕೆ ಮನಸೋತು ನೆಮ್ಮದಿಯಾಗಿ ಈಜುತ್ತಿತ್ತು.

ಷವರಿನಿಂದ ಒಂದು ಹನಿ ಬಿತ್ತು. ಲೇಬಲ್ಲು ಮೆಲ್ಲಗೆ ಮಗ್ಗುಲು ಬದಲಿಸಿತು.

"ಮುಟ್ಟಬೇಡಿ" ಎಂದಳು ಹೆಂಡತಿ. "ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ಳಿ. ಹಾಗೇ ಇರಿ."

ಬ್ಯಾಗಿನಿಂದ ಚಿಮುಟ ತಂದಳು. ಬಾಯೊಳಗಿನಿಂದ ಹತ್ತಿ ತೆಗೆಯುವ ಚಿಮುಟ. ಉಸಿರು ಬಿಗಿಹಿಡಿದು ಲೇಬಲ್ಲನ್ನು ಒಂದು ಮೂಲೆಯಿಂದ ಎತ್ತಿ, ಒಣ ಟವೆಲಿನ ಮೇಲೆ ಹಾಸಿದಳು. ನಾನು ಕೂದಲು ಒಣಗಿಸುವ ಯಂತ್ರವನ್ನು ದೂರದಿಂದ ಹಿಡಿದೆ. ಒಣಗಿತು. ಒಣಗುತ್ತಲೇ ಸುರುಳಿ ಸುತ್ತಿಕೊಳ್ಳತೊಡಗಿತು.

"ಹೇಳಿಬಿಡೋಣ" ಎಂದೆ.

"ಏನಂತ? ಅಪ್ಪಾ, ನೀನು ಇಷ್ಟು ವರ್ಷ ಕಾದೆ, ನಿನ್ನ ಅಳಿಯ ಬೆಳಗ್ಗೆ ಒಂದು ಗಂಟೆ ಕಾಯ್ಲಿಲ್ಲ ಅಂತಾನಾ?"

"ನಿನ್ನಮ್ಮನಿಗಾದ್ರೂ ಸಂತೋಷವಾಗುತ್ತೆ."

"ಅಮ್ಮನಿಗೆ ಅಪ್ಪನ ಜೊತೆ ಖುಷಿಯಾಗಿ ಕುಡಿಯೋ ಆಸೆ. ಅಪ್ಪ ಮುಖ ಊದಿಸ್ಕೊಂಡು ಕೂತ್ರೆ ಯಾವ ಶಾಂಪೇನು, ಯಾವ ಸಂತೋಷ? ಅಂಟು ಎಲ್ಲಿದೆ?"

ಮನೆಯಲ್ಲಿದ್ದ ಒಂದೇ ಅಂಟಿನ ಟ್ಯೂಬು ಕಲ್ಲಾಗಿತ್ತು. ಹೆಂಡತಿ ಮತ್ತೆ ತನ್ನ ಬ್ಯಾಗಿಗೆ ಕೈಹಾಕಿ, ಒಂದು ಕ್ಷಣ ಯೋಚಿಸಿ, ಗುಲಾಬಿ ಬಣ್ಣದ ಒಂದು ಟ್ಯೂಬನ್ನು ಹೊರತೆಗೆದಳು. ಕಟ್ಟಿಸಿದ ಹಲ್ಲನ್ನು ವಸಡಿಗೆ ಕೂರಿಸುವ ಅಂಟು.

"ಇದಾ?"

"ಬಾಯೊಳಗೆ, ಒದ್ದೆಯಲ್ಲಿ, ಊಟದ ಮಧ್ಯೆ ಹಿಡಿಯುತ್ತೆ. ಬಾಟಲಿ ಯಾವ ಲೆಕ್ಕ? ಹಿಡ್ಕೊಳ್ಳಿ ಇಲ್ಲಿ. ಓರೆ ಮಾಡಬೇಡಿ. ಈಗ ನೇರವಾಗಿ ಇರಬೇಕು."

ಲೇಬಲ್ಲು ಕೂತಿತು. ಒಂದಿಷ್ಟು ಸುಕ್ಕು ಉಳಿಯಿತು. ಆ ವಯಸ್ಸಿಗೆ ಅಷ್ಟು ಸುಕ್ಕು ಸಹಜ ಎಂದು ನಮಗೆ ನಾವೇ ಹೇಳಿಕೊಂಡೆವು. ಅಷ್ಟರಲ್ಲಿ ಹೊರಗೆ ಲಿಫ್ಟು ನಿಂತ ಸದ್ದು, ಅತ್ತೆಯ ಮಾತು, ಮಾವನ ಕೆಮ್ಮು. ಬಕೆಟ್ಟು ಇನ್ನೂ ತುಂಬಿತ್ತು, ಷವರಿನಿಂದ ಬಿಚ್ಚಿದ ತಕ್ಕಡಿ ನನ್ನ ಕೊರಳಲ್ಲಿತ್ತು. ನಮ್ಮನ್ನು ಉಳಿಸಿದ್ದು ನಮ್ಮ ಕಟ್ಟಡದ ಲಿಫ್ಟು. ಮಾವ ಬಾಗಿಲಿಗೆ ಬಾರದೆ ಅಲ್ಲೇ ನಿಂತು ಅದರ ಸದ್ದಿಗೆ ಕಿವಿಗೊಟ್ಟಿದ್ದರು.

"ಕೇಳಿಸ್ತಾ? ಬೇರಿಂಗು ಅಳ್ತಾ ಇದೆ."

"ಅಳ್ಲಿ ಬಿಡಿ, ಒಳಗೆ ಬನ್ನಿ" ಎಂದರು ಅತ್ತೆ.

"ಎಣ್ಣೆ ಕಂಡು ವರ್ಷ ಆಗಿದೆ ಇದು. ತಡಿ, ಇನ್ನೊಂದು ಸಲ ಮೇಲೆ ಹೋಗಿ ಬರ್ಲಿ."

ಲಿಫ್ಟು ಹೋಗಿ ಬರುವಷ್ಟರಲ್ಲಿ ಬಕೆಟ್ಟಿನ ನೀರು ಮೋರಿಗೆ, ತಕ್ಕಡಿ ಬೀರುವಿಗೆ, ಬಾಟಲಿ ಉಣ್ಣೆಚೀಲಕ್ಕೆ ಸೇರಿದವು. ಹೆಂಡತಿ ಚೀಲದ ಗುಂಡಿ ಹಾಕಿ, ಬೆವರು ಒರೆಸಿಕೊಂಡು, ನನ್ನ ಅಂಗಿಯನ್ನು ನೋಡಿದಳು. ಎದೆಯಿಂದ ಕೆಳಗೆ ಪೂರ್ತಿ ಒದ್ದೆ.

"ಅಳಿಯಂದ್ರು ಸ್ನಾನ ಮಾಡಿದ್ರಾ?" ಎಂದು ಅತ್ತೆ ಕೇಳಿದರು.

"ಹೌದು."

"ಅಂಗಿ ಹಾಕ್ಕೊಂಡೇ?"

ಆಗ ಕರೆಗಂಟೆ ಬಾರಿಸಿತು. ಹನ್ನೊಂದಕ್ಕೆ ಬರಬೇಕಾದ ತಜ್ಞೆ ಸಮಯಕ್ಕೆ ಸರಿಯಾಗಿ ಬಂದಿದ್ದರು. ಅಪರೂಪಕ್ಕೆ ಸಮಯಪಾಲನೆ ಮಾಡುವವರು ಸಿಕ್ಕಿದರು, ಅದೂ ಆವತ್ತೇ.

ಆಕೆ ಕುಳ್ಳಗಿನ, ಕಡಿಮೆ ಮಾತಿನ ಹೆಂಗಸು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಳಿ ಕೈಗವಸು ಹಾಕಿಕೊಂಡು, ಬಾಟಲಿಯನ್ನು ಚೀಲದಿಂದ ಹೊರತೆಗೆದರು. ಮಾವ ಎದುರಿನ ಕುರ್ಚಿಯ ಅಂಚಿನಲ್ಲಿ ಕೂತರು. ಅತ್ತೆ ಅವರ ಹಿಂದೆ ಕುರ್ಚಿಯ ಬೆನ್ನು ಹಿಡಿದು ನಿಂತರು. ನಾನೂ ಹೆಂಡತಿಯೂ ಗೋಡೆಗೆ ಒರಗಿದೆವು.

ಮೊದಲು ತಗಡು ನೋಡಿದರು. "ಹರಿದಿಲ್ಲ." ಕಾರ್ಕಿನ ತಲೆಯನ್ನು ಬೆರಳಿನಿಂದ ಮುಟ್ಟಿದರು. "ಮೇಲೆ ಎದ್ದಿಲ್ಲ, ಒಳಗೂ ಕುಸಿದಿಲ್ಲ." ಆಮೇಲೆ ಬಾಟಲಿಯನ್ನು ನಿಧಾನವಾಗಿ ಮಲಗಿಸಿ, ಹಿಂದಿನಿಂದ ಸಣ್ಣ ಟಾರ್ಚ್ ಹಿಡಿದರು. ಕುತ್ತಿಗೆಯಲ್ಲಿ ಅಡಗಿದ್ದ ಗಾಳಿಗುಳ್ಳೆ ತಾನಾಗಿಯೇ ಜಾರಿ ಬಾಟಲಿಯ ಭುಜದ ಹತ್ತಿರ, ಎಲ್ಲರಿಗೂ ಕಾಣುವಂತೆ ಬಂದು ನಿಂತಿತು.

"ಇಷ್ಟೇ ಇಷ್ಟು ಗುಳ್ಳೆ. ಹೆಚ್ಚೆಂದರೆ ಒಂದು ಚಮಚ ಇಳಿದಿರಬಹುದು. ಮಟ್ಟ ಬಹಳ ಚೆನ್ನಾಗಿದೆ."

ಅಷ್ಟು ಹೇಳಲು ಆಕೆಗೆ ಒಂದು ಉಸಿರಿನ ಹೊತ್ತು ಹಿಡಿಯಿತು. ಬಕೆಟ್ಟಿಲ್ಲ, ದಾರವಿಲ್ಲ, ಆರ್ಕಿಮಿಡೀಸ್ ಇಲ್ಲ. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅವಳು ಪಟ್ಟ ಶ್ರಮ ಮಾತ್ರ ಕಾಣುತ್ತಿತ್ತು.

"ಬಣ್ಣವೂ ಸರಿಯಾಗಿ ಮಾಗಿದೆ. ಹುಲ್ಲಿನ ಬಣ್ಣ ಹೋಗಿ ಹೊನ್ನಿನ ಬಣ್ಣ ಬಂದಿದೆ. ಕಂದು ತಿರುಗಿಲ್ಲ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ?"

"ಬಟ್ಟೆ ಕಪಾಟಿನಲ್ಲಿ" ಎಂದರು ಮಾವ, ಎದೆಯುಬ್ಬಿಸಿ. "ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೆ."

"ನಿಲ್ಲಿಸಿದ್ದರೆ ಕಾರ್ಕು ಒಣಗಿ ಯಾವತ್ತೋ ಹೋಗಿರುತ್ತಿತ್ತು. ಇದು ಮಲಗಿದ್ದ ಬಾಟಲಿ. ಕತ್ತಲಲ್ಲಿ, ತಂಪಿನಲ್ಲಿ."

"ಮಲಗಿಸಿದ್ದು ನಾನು" ಎಂದರು ಅತ್ತೆ. "ನಿಲ್ಲಿಸಿದ್ರೆ ಕಪಾಟಿನ ಬಾಗಿಲು ಮುಚ್ತಿರಲಿಲ್ಲ."

ಮಾವ ತಿರುಗಿ ಅವರನ್ನು ನೋಡಿದರು. "ಯಾವಾಗ ಮಲಗಿಸ್ದೆ?"

"ನೀವು ನಿಲ್ಲಿಸಿದಾಗಲೆಲ್ಲ."

ತಜ್ಞೆ ಸಣ್ಣಗೆ ನಕ್ಕರು, ಕೋಣೆಯ ಗಾಳಿ ಸ್ವಲ್ಪ ಹಗುರವಾಯಿತು. ನನಗೂ ಬದುಕುವ ಆಸೆ ಹುಟ್ಟಿತು. ಅದೇ ಹೊತ್ತಿಗೆ ಆಕೆ ಬಾಟಲಿಯನ್ನು ಎತ್ತಿ ನಿಲ್ಲಿಸಿ, ಲೇಬಲ್ಲಿನ ಮೇಲೆ ಹೆಬ್ಬೆರಳು ಇಟ್ಟರು.

"ಇದು ಬೆಚ್ಚಗಿದೆಯಲ್ಲ."

ಆಕೆ ಬಾಟಲಿಯನ್ನು ಮೂಗಿನ ಹತ್ತಿರ ತಂದರು. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಮೂಸಿದರು.

"ಪುದೀನ?"

ಮಾವ ಎದ್ದು ಬಂದು ಬಗ್ಗಿ ಮೂಸಿದರು. ನಾನು ಮರೆತಿದ್ದ ಒಂದು ಸಂಗತಿ ಏನೆಂದರೆ ಮಾವನವರ ಮೇಲಿನ ಸಾಲಿನ ಹಲ್ಲುಗಳು ಮಗಳೇ ಕಟ್ಟಿಕೊಟ್ಟವು. ಪ್ರತಿದಿನ ಬೆಳಗ್ಗೆ ಮೊದಲು ಅವರ ಮೂಗಿಗೆ ಬಡಿಯುವ ವಾಸನೆ ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

"ಇದು ನನ್ನ ಹಲ್ಲಿನ ವಾಸನೆ" ಎಂದರು ಮಾವ.

ಆ ಮಾತಿಗೇ ಕಾದಿದ್ದಂತೆ ಲೇಬಲ್ಲು ತಜ್ಞೆಯ ಹೆಬ್ಬೆರಳಿನ ಕೆಳಗೆ ಮೆಲ್ಲಗೆ ಜಾರಿ, ಓರೆಯಾಗಿ, ಬಾಟಲಿಯ ಸೊಂಟದಿಂದ ಮೊಣಕಾಲಿಗೆ ಇಳಿಯಿತು. ಅದು ಬಾಯೊಳಗೆ ನಂಬಬಹುದಾದ ಅಂಟು, ಗಾಜಿನ ಮೇಲಲ್ಲ.

ನಾನು ಒಂದು ಹೆಜ್ಜೆ ಮುಂದೆ ಬಂದೆ. ಹೆಂಡತಿಯೂ ಬಂದಳು. "ಅಪ್ಪಾ, ಅಂಟಿಸಿದ್ದು ನಾನು" ಎಂದಳು. "ಬಿಚ್ಚಿದ್ದು ನಾನು" ಎಂದೆ ನಾನು. ಬೆಳಗಿನಿಂದ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಬಿಸಿನೀರಿನ ಎರಡು ಚೊಂಬನ್ನೂ ಮುಚ್ಚಿಡಲಿಲ್ಲ.

ಮಾವ ನಿಂತೇ ಕೇಳಿದರು. ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಬೈದಿದ್ದರೆ ನಿರಾಳವಾಗಿರುತ್ತಿತ್ತು. ಅವರು ಬೈಯಲಿಲ್ಲ.

"ಮುಳುಗಿಸಿದ್ದು ಯಾಕೆ?"

"ಒಳಗೆ ಎಷ್ಟಿದೆ ಅಂತ ನೋಡೋಕೆ ಮಾವ."

"ಎಷ್ಟಿತ್ತು?"

"ಎಂಟುನೂರ ಅರವತ್ತೊಂದು" ಎಂದೆ ನೆಲ ನೋಡುತ್ತ.

ತಜ್ಞೆ ಕೆಮ್ಮಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಈಗ ಇದರ ಗತಿ?" ಎಂದು ಮಾವ ತಜ್ಞೆಯನ್ನು ಕೇಳಿದರು.

"ಲೇಬಲ್ಲು ಬಿಟ್ಟು ಬಂದ ಬಾಟಲಿಯನ್ನು ನಾವು ಹರಾಜಿಗೆ ತಗೊಳ್ಳೋದಿಲ್ಲ. ಬೇರೆ ಬಾಟಲಿಗೆ ಇದರ ಲೇಬಲ್ಲು ಹಚ್ಚಿದ್ದಾರೆ ಅಂತ ಕೊಳ್ಳುವವರು ಅನುಮಾನಪಡ್ತಾರೆ. ನಾನು ನಂಬ್ತೀನಿ. ಆದರೆ ನನ್ನ ನಂಬಿಕೆಗೆ ಬೆಲೆ ಬರೋದಿಲ್ಲ."

"ಲೇಬಲ್ಲು ಇದ್ದಿದ್ರೆ ಎಷ್ಟು ಬರ್ತಿತ್ತು?" ಎಂದು ಹೆಂಡತಿ ಕೇಳಿದಳು.

"ಬೇಡ" ಎಂದರು ಮಾವ ತಟ್ಟನೆ. "ನನಗೆ ಹೇಳ್ಬೇಡಿ. ಕೇಳಿದ್ರೆ ಆಮೇಲೆ ಅಳಿಯಂದ್ರ ಮುಖ ನೋಡೋದು ಕಷ್ಟ. ಇವರು ಒಳ್ಳೇ ಮನುಷ್ಯ. ನೋಡ್ತಾನೇ ಇರಬೇಕು."

ತಜ್ಞೆ ಹೆಂಡತಿಯ ಕಿವಿಯಲ್ಲಿ ಮಾತ್ರ ಏನೋ ಹೇಳಿದರು. ಹೆಂಡತಿ ಪಕ್ಕದಲ್ಲಿದ್ದ ಕುರ್ಚಿಯನ್ನು ಹುಡುಕಿಕೊಂಡು ಕೂತಳು. ಆ ಅಂಕಿಯನ್ನು ಅವಳು ಇವತ್ತಿಗೂ ನನಗೆ ಹೇಳಿಲ್ಲ. ಜಗಳ ಬಂದಾಗ ಮಾತ್ರ "ಹೇಳ್ಲಾ?" ಎನ್ನುತ್ತಾಳೆ. ಜಗಳ ಅಲ್ಲಿಗೆ ಮುಗಿಯುತ್ತದೆ.

"ಒಂದು ಗುರುತು ಇದೆ" ಎಂದರು ತಜ್ಞೆ. "ಇಂಥ ಶಾಂಪೇನಿನ ಕಾರ್ಕಿನ ಮೇಲೆ ದ್ರಾಕ್ಷಿಯ ವರ್ಷವನ್ನು ಒತ್ತಿರುತ್ತಾರೆ. ಬಾಟಲಿಯೊಳಗೆ ಇರುವ ಭಾಗದಲ್ಲಿ. ಅದು ಲೇಬಲ್ಲಿಗೆ ಹೊಂದಿದರೆ ಇದು ನಿಜವಾದದ್ದೇ."

"ನೋಡೋದು ಹೇಗೆ?"

"ಕಾರ್ಕು ತೆಗೆಯಬೇಕು."

"ತೆಗೆದ ಮೇಲೆ?"

"ಮಾರೋ ಹಾಗಿಲ್ಲ."

ಮಾವ ಕುರ್ಚಿಗೆ ಮರಳಿದರು. ಹೊಸ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬೆಲೆ ಇದೆಯೆಂದು ತಿಳಿಯಬೇಕಾದರೆ ಬೆಲೆಯನ್ನು ಕಳೆದುಕೊಳ್ಳಬೇಕು. ಹೊರಗೆ ಲಿಫ್ಟು ಅಳುತ್ತ ಮೇಲೆ ಹೋಯಿತು. ಅಳುತ್ತಲೇ ಕೆಳಗೆ ಬಂತು. ಅತ್ತೆಯ ಎರಡೂ ಕೈ ಕುರ್ಚಿಯ ಬೆನ್ನಿನ ಮೇಲೇ ಇದ್ದವು. ಮಾವ ತಲೆಯೆತ್ತದೆ ಆ ಕೈಯೊಂದನ್ನು ತಟ್ಟಿದರು.

"ಗ್ಲಾಸು ತೊಳೆದಿದ್ದೀಯಾ?"

"ಬೆಳಗ್ಗೆನೇ ತೊಳೆದಿಟ್ಟಿದ್ದೀನಿ" ಎಂದರು ಅತ್ತೆ. "ಅಭ್ಯಾಸ."

"ಅರ್ಧ ಗಂಟೆಯಾದರೂ ತಣ್ಣಗಾಗಬೇಕು" ಎಂದು ತಜ್ಞೆ ಕೈಗವಸು ಕಳಚಿದರು. "ಮನೆಯಲ್ಲಿ ದೊಡ್ಡ ಬಕೆಟ್ ಇದೆಯಾ?"

ಎಲ್ಲರೂ ನನ್ನನ್ನು ನೋಡಿದರು. ನಾನು ಬಚ್ಚಲಿನ ಕಡೆ ಹೊರಟೆ. "ನೀವು ಕೂತ್ಕೊಳ್ಳಿ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು.

ಅದೇ ನೀಲಿ ಬಕೆಟ್ಟು, ಈ ಸಲ ಐಸ್ ಹಾಕಿದ ನೀರು. ಆ ಅರ್ಧ ಗಂಟೆ ಕಳೆದದ್ದು ಹೇಗೆಂದು ಕೇಳಬೇಡಿ. ಬೆಳಗ್ಗೆಯಿಂದ ಎತ್ತಿ ಇಳಿಸಿ ಕುಲುಕಾಡಿದ ಬಾಟಲಿ ಸಿಡಿದರೆ? ಹಳೆಯ ಕಾರ್ಕು ಒಳಗೇ ಮುರಿದರೆ? ಮಾಗಿದ್ದು ಹೊರಗಿನ ಬಣ್ಣ ಮಾತ್ರವಾಗಿ, ಒಳಗೆ ಬರೀ ಹುಳಿನೀರಿದ್ದರೆ? ಆಗ ಅತ್ತೆಗೆ ಗುಟುಕೂ ಇಲ್ಲ, ಮಾವನಿಗೆ ಮಾತೂ ಇಲ್ಲ. ಎರಡಕ್ಕೂ ನಾನೊಬ್ಬನೇ ಹೊಣೆ.

ಮಾವ ತಗಡು ಬಿಡಿಸಿದರು, ತಂತಿಯ ಪಂಜರ ಸಡಿಲಿಸಿದರು. ಕಾರ್ಕನ್ನು ಎಡಗೈಯಲ್ಲಿ ಬಿಗಿಹಿಡಿದು, ಬಾಟಲಿಯನ್ನು ಬಲಗೈಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರು. ನಿಂತರು. ಇನ್ನೊಂದು ಎಳೆ. ಏಳನೆಯ ಮಹಡಿಯಿಂದ ಜನರನ್ನು ಇಳಿಸಿದ ಕೈ ಅದು, ಆತುರವೆಂಬುದೇ ಗೊತ್ತಿಲ್ಲ. ಹೆಂಡತಿ ನನ್ನ ಮಣಿಕಟ್ಟನ್ನು ಹಿಡಿದ ಬಿಗಿಗೆ ನನ್ನ ಬೆರಳುಗಳು ಮರಗಟ್ಟಿದವು. ಎಲ್ಲೋ ಒಂದು ಸಣ್ಣ ಕಿರುಗುಟ್ಟುವಿಕೆ.

"ಮುರೀತಾ?" ಎಂದರು ಅತ್ತೆ.

"ಶ್."

ಢಂ ಎನ್ನಲಿಲ್ಲ. ನಿದ್ದೆಯಿಂದ ಎದ್ದವರು ಬಿಡುವಂಥ ಒಂದು ಉದ್ದ ಉಸಿರು, ಅಷ್ಟೇ. ಕಾರ್ಕು ಇಡಿಯಾಗಿ ಮಾವನ ಅಂಗೈಯಲ್ಲಿತ್ತು. ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಓದಿದರು. ಬಹಳ ಹೊತ್ತು ಓದಿದರು. ನಾಲ್ಕೇ ಅಂಕೆ ಇದ್ದದ್ದು. ಆಮೇಲೆ ಬಂದು ಕಾರ್ಕನ್ನು ಲೇಬಲ್ಲಿನ ಪಕ್ಕದಲ್ಲಿಟ್ಟರು. ಎರಡೂ ಒಂದೇ ವರ್ಷ.

ತಜ್ಞೆ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದರು. ತೆರೆದಾಗ ಮಾವನನ್ನು ನೇರವಾಗಿ ನೋಡಿದರು. "ಇದು ಬದುಕಿದೆ. ಇಷ್ಟು ಚೆನ್ನಾಗಿ ಮಾಗಿದ್ದನ್ನು ನಾನು ವರ್ಷಕ್ಕೆ ಒಂದೋ ಎರಡೋ ಕುಡಿಯೋದು. ಮೊದಲೇ ತೆಗೆದಿದ್ದರೆ ಈ ರುಚಿ ಬರ್ತಿರಲಿಲ್ಲ."

ಮಾವ ಅತ್ತೆಯ ಕಡೆ ತಿರುಗಿದರು. ಆ ನೋಟದಲ್ಲಿ ಮೂವತ್ತೊಂದು ವರ್ಷದ 'ನಾನು ಹೇಳಿರಲಿಲ್ವಾ' ಇತ್ತು.

"ಆದರೆ" ಎಂದು ತಜ್ಞೆ ಮುಂದುವರಿಸಿದರು, "ಇನ್ನೆರಡು ವರ್ಷ ಬಿಟ್ಟಿದ್ದರೆ ಹೋಗಿಬಿಡ್ತಿತ್ತು."

ಅತ್ತೆ ಮಾವನ ಕಡೆ ತಿರುಗಿದರು. ಆ ನೋಟದಲ್ಲೂ ಅದೇ ಇತ್ತು.

ನೀರು ಕುಡಿಯುವ ಗ್ಲಾಸುಗಳಲ್ಲೇ ಹೊನ್ನಿನ ಬಣ್ಣ ತುಂಬಿತು. ಗುಳ್ಳೆಗಳು ವಯಸ್ಸಾದವರು ಮೆಟ್ಟಿಲು ಹತ್ತುವಂತೆ ಒಂದೊಂದೇ ಏರಿದವು. ಹುರಿದ ಬ್ರೆಡ್ಡಿನ, ಬಾದಾಮಿಯ, ಎಲ್ಲೋ ದೂರದಲ್ಲಿ ಜೇನಿನ ಪರಿಮಳ. ಅತ್ತೆ ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಕುಡಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆವು.

"ಹೇಗಿದೆ?" ಎಂದರು ಮಾವ. ಬೇರಿಂಗಿನ ಸದ್ದಿಗೆ ಕಿವಿಗೊಡುವಾಗಲೂ ಅವರ ಮುಖ ಅಷ್ಟು ಬಿಗಿದಿರಲಿಲ್ಲ.

"ಮೊದಲ್ನೇ ಗುಟುಕಿಗೆ ಇಷ್ಟೇನಾ ಅನ್ನಿಸ್ತು" ಎಂದರು ಅತ್ತೆ. ಇನ್ನೊಂದು ಗುಟುಕು ಕುಡಿದರು. ತುಟಿ ಒರೆಸಿಕೊಂಡು ಮಾವನ ಪಕ್ಕದ ಕುರ್ಚಿಯಲ್ಲಿ ಕೂತರು. "ಈಗ, ಕಾಯಿಸಿದ್ದಕ್ಕೆ ನಿಮ್ಮನ್ನ ಕ್ಷಮಿಸೋಣ ಅನ್ನಿಸ್ತಿದೆ. ಇನ್ನರ್ಧ ಗ್ಲಾಸು ಹಾಕಿ, ಪೂರ್ತಿ ಕ್ಷಮಿಸ್ತೀನಿ."

ಮಾವ ನಕ್ಕರು. ಪುದೀನ ವಾಸನೆಯ ಹಲ್ಲುಗಳೆಲ್ಲ ಕಾಣುವಂತೆ ನಕ್ಕರು. ಅರ್ಧ ಗ್ಲಾಸು ಹಾಕಿದರು. ತಜ್ಞೆಗೆ ಇನ್ನೊಂದಿಷ್ಟು, ಮಗಳಿಗೆ ಒಂದಿಷ್ಟು, ನನಗೂ ಬೆನ್ನು ತಟ್ಟಿ ಒಂದಿಷ್ಟು. ಅತ್ತೆ ಮತ್ತೆ ಗ್ಲಾಸು ಚಾಚಿದಾಗ ಬಾಟಲಿಯಿಂದ ಒಂದು ಹನಿ ಬಿತ್ತು. ಇನ್ನೊಂದು ಬೀಳಲಿಲ್ಲ.

"ಮುಗೀತು ಕಣೇ" ಎಂದರು ಮಾವ.

"ಮುಗಿಯೋದು ಹೇಗೆ?" ಅತ್ತೆ ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡು ತಮ್ಮ ಗ್ಲಾಸಿನ ಮೇಲೆ ತಲೆಕೆಳಗಾಗಿ ಹಿಡಿದರು. ಹಿಡಿದೇ ಇದ್ದರು. "ಅಳಿಯಂದ್ರ ಲೆಕ್ಕದ ಪ್ರಕಾರ ಇನ್ನೂ ನೂರು ಎಂ.ಎಲ್. ಮೇಲೆ ಬರಬೇಕು. ನಾನು ಕಾಯ್ತೀನಿ, ನನಗೆ ಕಾದು ಅಭ್ಯಾಸ ಇದೆ. ಒಟ್ಟು ಎಷ್ಟು ಅಂದ್ರಿ ಅಳಿಯಂದ್ರೇ?"

ನಾಲ್ಕೂ ಮುಖಗಳು ನನ್ನ ಕಡೆ ತಿರುಗಿದವು.

"ಎಂಟುನೂರ ಅರವತ್ತೊಂದು."